ಹಸಿರು ನೂಲಿನ ವಾರ

ಒಂದು ವ್ಯಾಕ್ಯೂಮ್ ಕ್ಲೀನರ್ ಸದ್ದು ಮಾಡಿತು, ಸುಟ್ಟ ವಾಸನೆ ಬಂತು, ಅದನ್ನು ಬಿಚ್ಚಿ ಸರಿಮಾಡಿದರು. ಇಷ್ಟನ್ನು ಕತೆ ಎಂದು ಹೇಳಲು ಹೊರಟಿದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಇದರಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಮನೆ ಬಿಟ್ಟು ಓಡಿಹೋಗುವುದಿಲ್ಲ. ಇದಕ್ಕಿಂತ ದೊಡ್ಡ ಸಂಗತಿಗಳನ್ನು ಇದಕ್ಕಿಂತ ಚೆನ್ನಾಗಿ ಹೇಳಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ದರ್ಜಿಯ ಪಾಲಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಅದೊಂದೇ ಧೈರ್ಯದ ಮೇಲೆ ಹೇಳುತ್ತಿರುವುದು.

ದರ್ಜಿ ಇದ್ದದ್ದು ಮಗಳ ಮನೆಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿ ಬಿಟ್ಟುಕೊಟ್ಟು, ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಕೋಟು ತೊಡಿಸಿ ನೋಡುವ ತಲೆಯಿಲ್ಲದ ಬೊಂಬೆ, ಮತ್ತು ಎತ್ತಿದರೆ ತೋಳು ನೋಯುವಷ್ಟು ಭಾರದ ಕರೆಂಟಿನ ಇಸ್ತ್ರಿಪೆಟ್ಟಿಗೆ, ಇಷ್ಟನ್ನೂ ತಂದು ಬೀದಿಯ ಕಡೆಯ ಕೋಣೆಯಲ್ಲಿ ಜೋಡಿಸಿಕೊಂಡಿದ್ದ. ಕೋಣೆಯ ನೆಲಕ್ಕೆ ಹಳೆಯದೊಂದು ದಪ್ಪ ಕಾರ್ಪೆಟ್ಟು. ಉದ್ದನೆಯ ಬಟ್ಟೆ ಕತ್ತರಿಸುವಾಗ ಅವನು ಅದರ ಮೇಲೆ ಮಂಡಿಯೂರಿ ಕೂರುತ್ತಿದ್ದ. ಅವನದೊಂದು ಹಳೆಯ ಅಭ್ಯಾಸವಿತ್ತು. ಸೂಜಿ ಬಿದ್ದರೆ ಕೈಯಲ್ಲಿರುವ ಕೆಲಸ ಬಿಟ್ಟು ಹುಡುಕಿ ಎತ್ತುವನು. ನೂಲಿನ ತುಂಡನ್ನು ಮಾತ್ರ ಕತ್ತರಿಸಿದಲ್ಲೇ ನೆಲಕ್ಕೆ ಬಿಡುವನು. ಅಂಗಡಿಯಲ್ಲಾದರೆ ಸಂಜೆ ಒಮ್ಮೆ ಪೊರಕೆ ಆಡಿಸಿದರೆ ಮುಗಿಯುತ್ತಿತ್ತು. ಕಾರ್ಪೆಟ್ಟಿನ ಮೇಲೆ ನೂಲು ಪೊರಕೆಗೆ ಜಗ್ಗದು. ಹಾಗಾಗಿ ಮಗಳು ರಜೆಯ ದಿನ ಬಂದು ವ್ಯಾಕ್ಯೂಮ್ ಕ್ಲೀನರ್ ಓಡಿಸುತ್ತಿದ್ದಳು.

ಆ ಯಂತ್ರ ಮನೆಯವರು ಕೊಂಡು ತಂದದ್ದಲ್ಲ. ಅಳಿಯ ಬಸ್ ಡ್ರೈವರ್. ಡಿಪೋದಲ್ಲಿ ಬಸ್ಸುಗಳನ್ನು ಗುಡಿಸುವ ಹಳೆಯ ಯಂತ್ರಗಳನ್ನು ತೆಗೆದುಹಾಕಿದಾಗ ಒಂದನ್ನು ಕೇಳಿ ಹೊತ್ತು ತಂದಿದ್ದ. ಎದೆಯೆತ್ತರದ ಹಿಡಿ, ಹಿಡಿಗೆ ನೇತುಹಾಕಿದ ಬಟ್ಟೆಯ ಚೀಲ, ಕೆಳಗೆ ಕಬ್ಬಿಣದ ಅಗಲವಾದ ಬಾಯಿ. ಬಾಯೊಳಗೆ ಗರಗರನೆ ತಿರುಗುವ ಬ್ರಷ್ಷಿನ ಉರುಳೆ. ಸಿಕ್ಕಿದ್ದನ್ನೆಲ್ಲ ನುಂಗುತ್ತಿದ್ದುದರಿಂದ ಮನೆಯಲ್ಲಿ ಅದಕ್ಕೆ ಹೊಟ್ಟೆಬಾಕ ಎಂದೇ ಹೆಸರು.

ಇಸ್ತ್ರಿ ದರ್ಜಿಯ ಕೈ ತಪ್ಪಿದ ಪ್ರಕರಣ ನಡೆದದ್ದು ಹೀಗೆ. ಬ್ಯಾಂಡಿನವರ ಹಸಿರು ಕೋಟುಗಳನ್ನು ದರ್ಜಿ ಹೊಲಿಯುತ್ತಿದ್ದ ವಾರ ಅದು. ಒಂದು ಕಾಲರನ್ನು ಒತ್ತಿ, ಇಸ್ತ್ರಿಯನ್ನು ಅದರ ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟು, ಗೇಟಿನ ಹತ್ತಿರ ಕರೆದ ಬ್ಯಾಂಡ್ ಮಾಸ್ತರನಿಗೆ ಮುಗಿದ ಕೋಟು ಕೊಡಲು ಹೊರಗೆ ಹೋದ. ಮಾಸ್ತರ ಮಾತಿನ ಮಲ್ಲ, ಬೇಗ ಬಿಡಲಿಲ್ಲ. ಇತ್ತ ಮಗಳು ಕೋಣೆಗೆ ಬಂದು ಹೊಟ್ಟೆಬಾಕನನ್ನು ಓಡಿಸತೊಡಗಿದ್ದಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅವಳ ಕಣ್ಣು ನೇರ ಇಸ್ತ್ರಿಯ ಮೇಲೆ ಹೋಯಿತು. ಓಡಿಹೋಗಿ ಗೋಡೆಯ ಬೋರ್ಡಿನ ಮೇಲಿದ್ದ ಸ್ವಿಚ್ಚುಗಳನ್ನೆಲ್ಲ ಅಂಗೈಯಿಂದ ಒಂದೇ ಸಲಕ್ಕೆ ಆರಿಸಿ, ಇಸ್ತ್ರಿಯ ಪ್ಲಗ್ಗು ಕಿತ್ತೆಸೆದಳು. ವಾಸನೆ ನಿಧಾನಕ್ಕೆ ಇಳಿಯಿತು. ದರ್ಜಿ ಒಳಗೆ ಬಂದಾಗ ಅವಳು ಎದೆ ಹಿಡಿದುಕೊಂಡು ನಿಂತಿದ್ದಳು.

"ಇಸ್ತ್ರಿ ಉರೀತಿರೋ ಹಾಗೇ ಬಿಟ್ಟು ಹೋಗಿದ್ದೀಯಲ್ಲಪ್ಪಾ! ಮನೆಗೆ ಬೆಂಕಿ ಬಿದ್ದಿದ್ರೆ?"

ದರ್ಜಿ ಸ್ವಿಚ್‌ಬೋರ್ಡಿನ ಕಡೆ ತಿರುಗಿದ. ಆರಿಸಿದ್ದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳಲು ನೋಡಿದ. ಕಾಲರು ನೆನಪಿತ್ತು, ಮಾಸ್ತರನ ದನಿ ನೆನಪಿತ್ತು, ಸ್ವಿಚ್ಚಿನ ಮೇಲೆ ಬೆರಳಿಟ್ಟದ್ದು ಮಾತ್ರ ನೆನಪಿಗೆ ಬರಲೊಲ್ಲದು. ಈಚೆಗೆ ಹಣೆಯ ಮೇಲಿದ್ದ ಕನ್ನಡಕಕ್ಕಾಗಿ ಮನೆಯೆಲ್ಲ ಹುಡುಕಿದವನು ಅವನೇ ತಾನೇ. ತಪ್ಪಾಗಿರಬೇಕು ಅಂದುಕೊಂಡ. ಅಂದಿನಿಂದ ಇಸ್ತ್ರಿ ಅಡುಗೆಮನೆಯ ಕಪಾಟಿನ ನೆತ್ತಿಯ ಮೇಲೆ, ಅವನ ಕೈಗೆ ನಿಲುಕದ ಕಡೆ ಹೋಗಿ ಕೂತಿತು. ಒತ್ತುವುದೇನಿದ್ದರೂ ಮಗಳು ಕೆಲಸದಿಂದ ಬಂದ ಮೇಲೆ, ಅವಳ ಕಣ್ಣೆದುರಿಗೆ.

ಹೊಲಿಗೆ ಗೊತ್ತಿಲ್ಲದವರಿಗೆ ಇದರಲ್ಲೇನು ಮಹಾ ಅನ್ನಿಸಬಹುದು. ಆದರೆ ಕೋಟು ಹೊಲಿಯುವವನಿಗೆ ಇಸ್ತ್ರಿ ಕೊನೆಯಲ್ಲಿ ಬೇಕಾಗುವ ವಸ್ತುವಲ್ಲ. ಒಂದು ಹೊಲಿಗೆ ಹಾಕಿದರೆ ಅದರ ಅಂಚುಗಳನ್ನು ಬಿಡಿಸಿ ಒತ್ತಬೇಕು, ಒತ್ತಿದ ಮೇಲೆಯೇ ಮುಂದಿನ ಹೊಲಿಗೆ. ಇಸ್ತ್ರಿಯಿಲ್ಲದೆ ಕೋಟೆಂಬುದು ಇಲ್ಲ. ಹಳೆಯ ಗಿರಾಕಿ ಲಾಯರು ಕೊಟ್ಟುಹೋಗಿದ್ದ ಕಪ್ಪು ಬಟ್ಟೆ ಕತ್ತರಿಸಿ ಇಟ್ಟದ್ದು ಹಾಗೇ ಮೂಲೆಯಲ್ಲಿತ್ತು. ದರ್ಜಿ ಪಕ್ಕದ ಹಾಸ್ಟೆಲಿನವರ ನೀಲಿ ಪರದೆಗಳಿಗೆ ಅಂಚು ಹೊಲಿಯುತ್ತ ಕಾಲ ತಳ್ಳುತ್ತಿದ್ದ. ಪರದೆಯ ಅಂಚನ್ನು ಯಾರು ಬೇಕಾದರೂ ಹೊಲಿಯಬಹುದು ಎಂಬುದು ಅವನಿಗೂ ಗೊತ್ತಿತ್ತು, ಬೊಂಬೆಗೂ ಗೊತ್ತಿತ್ತು.

ಹೀಗಿರುವಾಗ ಹೊಟ್ಟೆಬಾಕ ಕೆಮ್ಮತೊಡಗಿತು. ಮೊದಲು ಗೊರಗೊರ, ಆಮೇಲೆ ಕಲ್ಲು ಅರೆದಂಥ ಸದ್ದು. ಒಂದು ಭಾನುವಾರ ಮಗಳು ಅದನ್ನು ಕಾರ್ಪೆಟ್ಟಿನ ಮೇಲೆ ನೂಕುತ್ತಿದ್ದಾಗ ದರ್ಜಿ ಪರದೆ ಬಿಟ್ಟು ಎದ್ದುನಿಂತ.

"ನಿಲ್ಸೇ, ನಿಲ್ಸು! ಸುಟ್ಟ ವಾಸನೆ ಬರ್ತಿದೆ."

ಮಗಳು ನಿಲ್ಲಿಸಿ ಮೂಸಿ ನೋಡಿದಳು. "ನಂಗೇನೂ ಬರ್ತಿಲ್ವಲ್ಲ."

"ನಿಂಗೆ ಶೀತ. ಎರಡು ಮೂಗೂ ಕಟ್ಟಿದೆ."

"ಇರೋದೇ ಒಂದು ಮೂಗಪ್ಪಾ."

ಗದ್ದಲ ಕೇಳಿ ಅಳಿಯ ಬಾಗಿಲಿಗೆ ಬಂದ. ಅವನೂ ಉಸಿರೆಳೆದು ನೋಡಿದ. "ನಂಗೂ ಏನೂ ಗೊತ್ತಾಗ್ತಿಲ್ಲ ಮಾವ. ಸದ್ದೇನೋ ಕಿವಿ ಹರೀತಿದೆ, ಅದು ನಿಜ."

"ನಿಮ್ಮ ಮೂಗು ಡೀಸೆಲ್ ಕುಡಿದು ಮಲಗಿದೆ ಅಳಿಯಂದ್ರೇ. ಅದನ್ನ ಸಾಕ್ಷಿಗೆ ಕರೀಬೇಡಿ."

ಅಳಿಯ ನಕ್ಕ. ಮಗಳು ನಗಲಿಲ್ಲ. ಗಂಡನ ಕಡೆ ಒಂದು ನೋಟ ನೋಡಿದಳು. ಆ ನೋಟ ದರ್ಜಿಯ ಕಣ್ಣು ತಪ್ಪಲಿಲ್ಲ. ಅವಳು ಕೆಲಸ ಮಾಡುತ್ತಿದ್ದುದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಎರಡು ದಿನ ಬಿಟ್ಟು ಊಟದ ಹೊತ್ತಿಗೆ, ತಟ್ಟೆಯ ಕಡೆ ನೋಡುತ್ತಲೇ ಮಾತು ತೆಗೆದಳು.

"ಅಪ್ಪಾ, ನಮ್ಮ ಡಾಕ್ಟ್ರ ಹತ್ರ ಸುಮ್ನೆ ಕೇಳ್ದೆ. ವಯಸ್ಸಾದವರಿಗೆ ಕೆಲವು ಸಲ ಇಲ್ಲದ ವಾಸನೆ ಬರುತ್ತಂತೆ. ಮರೆವು ಶುರುವಾದಾಗ. ಯಾವುದಕ್ಕೂ ಒಂದ್ಸಲ ತೋರಿಸ್ಕೊಂಡು ಬರೋಣ."

"ಹಲ್ಲಿನ ಡಾಕ್ಟ್ರಿಗೆ ನನ್ನ ಮೂಗಿನ ಉಸಾಬರಿ ಯಾಕಂತೆ?"

"ತಮಾಷೆ ಮಾಡ್ಬೇಡ. ಅವತ್ತು ಇಸ್ತ್ರಿ. ಈಗ ಇದು."

"ಅವತ್ತು ವಾಸನೆ ಬಂದಿದ್ದು ನಿಂಗೆ. ಈಗ ಬರ್ತಿರೋದು ನಂಗೆ. ನಿಂಗೆ ಬಂದ್ರೆ ಅದು ನಿಜ, ನಂಗೆ ಬಂದ್ರೆ ಕಾಯಿಲೆಯಾ?"

ಮಗಳ ಮುಖ ಸಪ್ಪಗಾಯಿತು. ಅಳಿಯ ಮಧ್ಯೆ ಬಂದು ಎರಡೂ ಕಡೆಗೆ ನೀರು ಚಿಮುಕಿಸಿದ. "ಬಿಡಿ ಮಾವ. ವಾಸನೆಯೋ, ಸದ್ದೋ, ಅದರ ಕಾಲ ಮುಗೀತು. ಶನಿವಾರ ಬೆಳಿಗ್ಗೆ ಗುಜರಿಯವನು ಈ ಬೀದಿಗೆ ಬರ್ತಾನೆ, ಎತ್ತಿ ಹಾಕಿಬಿಡೋಣ. ಕಿವಿಗಾದ್ರೂ ನೆಮ್ಮದಿ."

ದರ್ಜಿ ಕೈ ತೊಳೆದು ತನ್ನ ಕೋಣೆಗೆ ಬಂದು ಕೂತ. ಹೊಟ್ಟೆಬಾಕ ಗುಜರಿಗೆ ಹೋದರೆ ಅದರ ವಾಸನೆಯೂ ಹೋಗುತ್ತದೆ. ಆಮೇಲೆ ಈ ಮನೆಯಲ್ಲಿ ಉಳಿಯುವುದು ಇಲ್ಲದ ವಾಸನೆ ಕಂಡ ಮುದುಕನೊಬ್ಬ. ಅಂಥವನಿಗೆ ಇಸ್ತ್ರಿ ಕೊಡುವವರು ಯಾರು? ತಾನೇ ಮಗಳಾಗಿದ್ದರೂ ಕೊಡುತ್ತಿರಲಿಲ್ಲ. ಅವನನ್ನು ಹೆಚ್ಚು ಹಿಂಡಿದ್ದು ಇನ್ನೊಂದು ಯೋಚನೆ: ಅವಳು ಹೇಳುವುದೇ ನಿಜವಾಗಿದ್ದರೆ? ಸೂಜಿಯ ಕಣ್ಣಿಗೆ ನೂಲು ಈಗಲೂ ಒಂದೇ ಏಟಿಗೆ ಪೋಣಿಸುತ್ತೇನೆ, ಸರಿ. ಆದರೆ ಮೂಗು? ಮೂಗು ಸುಳ್ಳು ಹೇಳಿದರೆ ಅದು ಸುಳ್ಳು ಎಂದು ಮೂಗಿನ ಯಜಮಾನನಿಗೆ ಗೊತ್ತಾಗುವುದು ಹೇಗೆ?

ಶುಕ್ರವಾರ ಬೆಳಿಗ್ಗೆ ಅಳಿಯ ಡಿಪೋಗೆ, ಮಗಳು ಕ್ಲಿನಿಕ್ಕಿಗೆ ಹೋದದ್ದೇ ತಡ, ದರ್ಜಿ ಹೊಟ್ಟೆಬಾಕನನ್ನು ಕೋಣೆಯ ನಡುವೆ ಎಳೆದು ತಂದ. ಪ್ಲಗ್ಗು ಹಾಕಿ ಒಂದು ಸಲ ಓಡಿಸಿದ. ಗರಗರ ಸದ್ದು, ಬೆನ್ನಿಗೇ ವಾಸನೆ. ಇತ್ತು. ಇದ್ದೇ ಇತ್ತು. ಅಥವಾ ಇದೆ ಎಂದು ಅವನಿಗನ್ನಿಸಿತು. ನಿಲ್ಲಿಸಿ, ಪ್ಲಗ್ಗು ಕಿತ್ತು, ಅದರ ತುದಿಯನ್ನು ಮೇಜಿನ ಮೇಲೆ ತನ್ನ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡ. ಬಿಚ್ಚುತ್ತಿರುವಾಗ ಕರೆಂಟು ಇದೆಯೋ ಇಲ್ಲವೋ ಎಂಬುದನ್ನು ನೆನಪಿನ ಮೇಲೆ ಬಿಡುವ ಧೈರ್ಯ ಅವನಿಗಿರಲಿಲ್ಲ.

ಮೊದಲು ಚೀಲ. ಅದು ಹತ್ತಿ ತುಂಬಿದ ದಿಂಬಿನಂತೆ ಬಿಗಿದಿತ್ತು. ಹಳೆಯ ಪೇಪರಿನ ಮೇಲೆ ಬೋರಲು ಹಾಕಿ ಕೊಡವಿದ. ಧೂಳು, ಸೀಮೆಸುಣ್ಣದ ಪುಡಿ, ಒಂದು ಗುಂಡಿ, ಮಗಳು ಕಳೆದುಕೊಂಡು ಮನೆಯೆಲ್ಲ ತಡಕಾಡಿದ್ದ ಕಿವಿಯೋಲೆಯ ತಿರುಪು. ಅದೇ ಸಮಾಧಾನವೆಂದು ತಿರುಪನ್ನು ಜೇಬಿಗೆ ಹಾಕಿಕೊಂಡು, ಖಾಲಿ ಚೀಲ ಕಟ್ಟಿ ಓಡಿಸಿ ನೋಡಿದ. ಎಳೆತ ಜೋರಾಯಿತು. ಸದ್ದು ಇದ್ದ ಹಾಗೇ ಇತ್ತು. ವಾಸನೆಯೂ.

ಮತ್ತೆ ಪ್ಲಗ್ಗು ಕಿತ್ತು, ಯಂತ್ರವನ್ನು ಅಂಗಾತ ಮಲಗಿಸಿದ. ಬಾಯಿಯ ಮೇಲಿದ್ದ ತಗಡಿನ ಸ್ಕ್ರೂಗಳನ್ನು ಹೊಲಿಗೆ ಯಂತ್ರದ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿದ. ತಗಡು ಎತ್ತಿದವನು ಹಾಗೇ ನೋಡುತ್ತ ಕೂತ. ಬ್ರಷ್ಷಿನ ಉರುಳೆ ಎಲ್ಲಿದೆ? ಅಲ್ಲಿದ್ದದ್ದು ದಪ್ಪನೆಯದೊಂದು ನೂಲಿನ ರೀಲು. ಬ್ರಷ್ಷಿನ ಕೂದಲುಗಳೆಲ್ಲ ಒಳಗೆ ಮುಚ್ಚಿಹೋಗಿ, ತುದಿಯಿಂದ ತುದಿಗೆ ಬಿಗಿಯಾಗಿ, ಯಾವ ಕಾರ್ಖಾನೆಯವರೂ ನಾಚುವಂತೆ ನೂಲು ಸುತ್ತಿಕೊಂಡಿತ್ತು. ಎಲ್ಲ ಅವನದೇ ನೂಲು. ಅವನು ನೆಲಕ್ಕೆ ಬಿಟ್ಟದ್ದು, ಒಂದು ಎಳೆಯೂ ದಂಡವಾಗದೆ ಇಲ್ಲಿ ಬಂದು ಸೇರಿತ್ತು.

"ಅಯ್ಯೋ ನಿನ್ನ!" ಅಂದ ದರ್ಜಿ. ಹೊಟ್ಟೆಬಾಕನಿಗೆ ಅಂದನೋ, ತನಗೇ ಅಂದುಕೊಂಡನೋ.

ಬೇರೆ ಯಾರಾದರೂ ಆಗಿದ್ದರೆ ಚಾಕುವಿನಿಂದ ಕಚಕಚನೆ ಕೊಯ್ದು ಎಸೆಯುತ್ತಿದ್ದರು. ಹೊಲಿದದ್ದನ್ನು ಬಿಚ್ಚಿ ಅಭ್ಯಾಸವಾದವನಿಗೆ ಹಾಗೆ ಕೈ ಬಾರದು. ಹೊಲಿಗೆ ಬಿಚ್ಚುವ ಪುಟ್ಟ ಚೂರಿ ತಂದು, ಮೇಲಿನ ಪದರದಿಂದ ಶುರುಮಾಡಿದ. ಮೇಲೆ ಪೂರ್ತಿ ನೀಲಿ, ಪರದೆಯ ನೂಲು. ಅದನ್ನು ಸಿಪ್ಪೆ ಸುಲಿದಂತೆ ಸುಲಿದರೆ ಅದರಡಿಗೆ ಹಸಿರು, ಬ್ಯಾಂಡಿನವರ ಕೋಟು. ಹಸಿರಿನ ಕೆಳಗೆ ಕೆಂಪು, ಅದಕ್ಕೂ ಹಿಂದೆ ಶಾಲೆಯ ಮಕ್ಕಳಿಗೆ ಹೊಲಿದ ಅಂಗಿಗಳದು. ತಾನು ಮಾಡಿದ ಕೆಲಸ ಒಂದರ ಮೇಲೊಂದು ಹಾಸಿಕೊಂಡು ಮಲಗಿತ್ತು. ಉರುಳೆಯ ಒಂದು ತುದಿಯ ಬುಡದಲ್ಲಿ ಕೋಟಿನ ಹುಕ್ಕೊಂದು ನೂಲಿಗೆ ಸಿಕ್ಕಿಬಿದ್ದು ಕಬ್ಬಿಣಕ್ಕೆ ಉಜ್ಜುತ್ತಿತ್ತು. ಗರಗರ ಸದ್ದಿಗೆ ಕಾರಣ ಅದೇ ಇರಬೇಕು.

ಇನ್ನೊಂದು ಪಕ್ಕದಲ್ಲಿ ಮೋಟಾರಿನಿಂದ ಉರುಳೆಗೆ ಸುತ್ತಿದ ರಬ್ಬರಿನ ಬೆಲ್ಟಿತ್ತು. ಅದು ಕೂರುವ ಕಾಲುವೆಯಂಥ ಗೀರಿನಲ್ಲಿ ನೂಲು ಗಟ್ಟಿಯಾಗಿತ್ತು. ಚೂರಿ ನಾಟಲಿಲ್ಲ. ಮೇಲಿನ ನೀಲಿ ಎಳೆಗಳು ಸಲೀಸಾಗಿ ಬಂದವು. ಅವುಗಳ ಕೆಳಗೆ ಹಸಿರು, ಎಳೆಯೆಳೆಯಾಗಿ ಅಲ್ಲ, ಕರಗಿ ಹೆಪ್ಪುಗಟ್ಟಿ ರಬ್ಬರಿನ ಕಪ್ಪು ಪುಡಿಯೊಂದಿಗೆ ಬೆರೆತ ಒಂದು ಗಂಟು. ಮೂಗಿನ ಹತ್ತಿರ ಹಿಡಿದ. ಅದೇ ವಾಸನೆ.

ದರ್ಜಿ ಗಂಟನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ. ಕರಗಿದ್ದು ಹಸಿರು. ಅದರ ಮೇಲೆ ಸುತ್ತಿದ್ದ ನೀಲಿ ಕರಗಿರಲಿಲ್ಲ; ಬೆಲ್ಟಿಗೆ ತಾಗುವ ಅಂಚಿನಲ್ಲಿ ಮಾತ್ರ ಒಂದಿಷ್ಟು ಮುರುಟಿತ್ತು. ಅಂದರೆ ಇದು ಜೋರಾಗಿ ಸುಟ್ಟಾಗ ನೀಲಿ ಇನ್ನೂ ಈ ಮನೆಗೆ ಬಂದಿರಲಿಲ್ಲ. ನೀಲಿ ಬಂದದ್ದು ಇಸ್ತ್ರಿ ಕಪಾಟಿನ ಮೇಲೆ ಹತ್ತಿದ ನಂತರ. ಹಸಿರಿನ ವಾರವೇ ಹೊಟ್ಟೆಬಾಕ ಸುಡಲು ಶುರುಮಾಡಿತ್ತು. ಅವತ್ತು ಈ ಕೋಣೆಯಲ್ಲಿ ಅವನ ಇಸ್ತ್ರಿಯ ಜೊತೆಗೆ ಇದೂ ಇತ್ತು, ಓಡುತ್ತಲೂ ಇತ್ತು.

ಗಂಟನ್ನು ಒಂದು ಬಿಳಿ ಬಟ್ಟೆಯ ಚೂರಿಗೆ ಪಿನ್ನು ಚುಚ್ಚಿ ಇಟ್ಟ. ಇದನ್ನು ತೋರಿಸಿದರೆ ಸಾಲದು. ಯಂತ್ರ ಸದ್ದಿಲ್ಲದೆ, ವಾಸನೆಯಿಲ್ಲದೆ ಓಡಿದರೆ ಮಾತಿಗೆ ಬಲ ಬರುತ್ತದೆ. ಬೆಲ್ಟು ನೋಡಿದರೆ ಬಿಗಿ ಕಳೆದುಕೊಂಡು, ಒಳಮೈ ಗಾಜಿನಂತೆ ಹೊಳೆಯುತ್ತಿತ್ತು. ಬೆಲ್ಟು ಕಳಚಿಯೇ ಮೋಟಾರನ್ನು ಒಂದು ಗಳಿಗೆ ಓಡಿಸಿದ. ಹಾಯಾದ ಗುಂಯ್ ಸದ್ದು. ಮೋಟಾರಿಗೇನೂ ಆಗಿರಲಿಲ್ಲ.

ಬೆಲ್ಟು ಹಿಡಿದು ಬೀದಿಯ ತುದಿಯ ರಿಪೇರಿ ಅಂಗಡಿಗೆ ಹೋದ. ಅಂಗಡಿಯವನಿಗೆ ಯಾವ ಯಂತ್ರ ತೋರಿಸಿದರೂ ಮೊದಲು ಬರುವ ಮಾತು ಒಂದೇ, ಹಾಗಾಗಿ ಬೀದಿಯವರೆಲ್ಲ ಅವನನ್ನು ಫ್ಯೂಸಣ್ಣ ಅಂತಲೇ ಕರೆಯುವುದು.

"ಫ್ಯೂಸು ಹೋಗಿರ್ಬೇಕು" ಅಂದ ಫ್ಯೂಸಣ್ಣ, ತಲೆ ಎತ್ತದೆ.

"ಇದು ಬೆಲ್ಟು ಮಾರಾಯ. ಬೆಲ್ಟಿಗೆಲ್ಲಿ ಫ್ಯೂಸು?"

ಫ್ಯೂಸಣ್ಣ ಕನ್ನಡಕ ಸರಿಮಾಡಿಕೊಂಡು ಬೆಲ್ಟನ್ನು ಎಳೆದು ನೋಡಿದ. "ಇದು ಡಿಪೋ ಮಾಡೆಲ್ಲು. ನನ್ನ ಹತ್ರ ಇಲ್ಲ. ತರಿಸ್ಬೇಕಾದ್ರೆ ಮುಂದಿನ ವಾರ."

"ಮುಂದಿನ ವಾರ ಆಗೋದಿಲ್ಲ. ನಾಳೆ ಬೆಳಿಗ್ಗೆ ಅದು ಗುಜರಿಗೆ ಹೋಗುತ್ತೆ."

"ಗುಜರಿಗೆ ಹೋಗೋ ಯಂತ್ರಕ್ಕೆ ಹೊಸ ಬೆಲ್ಟು ಹಾಕ್ತಿರೋನು ನಿನ್ನ ಬಿಟ್ಟರೆ ಇನ್ನೊಬ್ಬ ಸಿಗಲಾರ" ಎಂದು ಫ್ಯೂಸಣ್ಣ ಮತ್ತೆ ತನ್ನ ಕೆಲಸಕ್ಕೆ ತಲೆ ತಗ್ಗಿಸಿದ.

ದರ್ಜಿ ದಾರಿಯುದ್ದಕ್ಕೂ ಯೋಚಿಸುತ್ತ ಬಂದ. ಮನೆಗೆ ಬಂದಾಗ ಕಣ್ಣಿಗೆ ಬಿದ್ದದ್ದು ಹೊಲಿಗೆ ಯಂತ್ರ. ಅದಕ್ಕೂ ಒಂದು ಸಣ್ಣ ಮೋಟಾರಿದೆ, ಮೋಟಾರಿಗೆ ಒಂದು ಬೆಲ್ಟಿದೆ. ಬೆಲ್ಟು ಅಂದಮೇಲೆ ಬೆಲ್ಟೇ ಅಲ್ಲವೇ? ದರ್ಜಿಗೆ ಮಾತ್ರ ಹೊಳೆಯುವಂಥ ಉಪಾಯ, ದರ್ಜಿ ಮಾತ್ರ ಮಾಡುವಂಥ ತಪ್ಪು. ಹೊಲಿಗೆ ಯಂತ್ರದ ಬೆಲ್ಟು ಸಣಕಲು, ಗುಂಡಗಿನದು; ಇದಕ್ಕೆ ಬೇಕಾದದ್ದು ಅಗಲವಾದ ಚಪ್ಪಟೆ ಬೆಲ್ಟು. ಜಗ್ಗಿ ಜಗ್ಗಿ ಹೇಗೋ ಕೂರಿಸಿದ. ಗಿಟಾರಿನ ತಂತಿಯ ಹಾಗೆ ಬಿಗಿದು ನಿಂತಿತು. ತಗಡು ಮುಚ್ಚಿ, ಸ್ವಿಚ್ಚು ಹಾಕಿದ.

ಹೊಟ್ಟೆಬಾಕ ಒಮ್ಮೆ ಬೆಚ್ಚಿತು. ಆಮೇಲೆ ಕಿರುಚಿತು. ಬಾಯಿಯ ಸಂದಿಯಿಂದ ನೀಲಿ ಹೊಗೆಯೆದ್ದಿತು. ಕೋಣೆಯ ತುಂಬ ವಾಸನೆ. ದರ್ಜಿ ಸ್ವಿಚ್ಚಿನ ಕಡೆ ತಿರುಗುವಷ್ಟರಲ್ಲಿ ಬೆಲ್ಟು ಪಟ್ಟೆಂದು ಹರಿದು, ಎಲ್ಲಿಂದಲೋ ನುಸುಳಿ ಹಾರಿ, ತಲೆಯಿಲ್ಲದ ಬೊಂಬೆಯ ಎದೆಗೆ ಬಡಿದು ಬಿತ್ತು. ಅದೇ ಹೊತ್ತಿಗೆ ಬಾಗಿಲು ತೆರೆದು ಮಗಳು ಒಳಗೆ ಬಂದಳು. ಡಾಕ್ಟರು ಬೇಗ ಹೊರಟುಹೋಗಿದ್ದರಿಂದ ಅವಳಿಗೂ ಬೇಗ ಬಿಡುವಾಗಿತ್ತು.

"ಅಪ್ಪಾ! ಏನಪ್ಪಾ ಇದು? ಹೊಗೆ!" ಓಡಿಬಂದು ಸ್ವಿಚ್ಚು ಆರಿಸಿದಳು. ಮೊದಲು ನೆಲದ ತುಂಬ ಹರಡಿದ್ದ ನೂಲು, ಧೂಳು, ಸ್ಕ್ರೂಗಳನ್ನು ನೋಡಿದಳು, ಆಮೇಲೆ ಅಪ್ಪನನ್ನು. "ಇಸ್ತ್ರಿ ತೆಗೆದಿಟ್ರೆ ಇದನ್ನ ಹಿಡ್ಕೊಂಡಿದ್ದೀಯಾ? ಮನೇನ ಸುಟ್ಟೇ ತೀರ್ತೀನಿ ಅಂತ ಹಟವಾ ನಿಂಗೆ? ಯಾರೂ ಇಲ್ಲದ ಹೊತ್ತಲ್ಲಿ…"

ಮುಗಿಯಿತು ಅಂದುಕೊಂಡ ದರ್ಜಿ. ಗಾಯದ ಮೇಲೆ ತಾನೇ ಬರೆ ಎಳೆದುಕೊಂಡಂತಾಗಿತ್ತು. ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಕೊನೆಗೆ ಹೇಳಿದ್ದು ಇಷ್ಟೇ: "ಈಗಾದ್ರೂ ವಾಸನೆ ಬಂತಾ?"

"ಬಾರದೇ ಏನು? ಶೀತ ಹೋಗಿ ಎರಡು ದಿನ ಆಯ್ತು. ರಬ್ಬರು ಸುಟ್ಟ…"

ಮಗಳು ಅಲ್ಲಿಗೇ ನಿಂತಳು. ಇನ್ನೊಮ್ಮೆ ಉಸಿರೆಳೆದಳು. ಬೈಯಲು ಎತ್ತಿದ್ದ ಕೈ ತಾನಾಗಿ ಕೆಳಗಿಳಿಯಿತು. ಸ್ವಿಚ್‌ಬೋರ್ಡಿನ ಕಡೆ ನೋಡಿದಳು. ಅದರ ಪಕ್ಕದ ಖಾಲಿ ಸ್ಟ್ಯಾಂಡಿನ ಕಡೆ ನೋಡಿದಳು.

"ಅಪ್ಪಾ" ಅಂದಳು, ಈಗ ದನಿ ಬೇರೆ. "ಇದು ಅವತ್ತಿನದೇ ವಾಸನೆ."

"ಯಾವತ್ತಿನದು?" ಗೊತ್ತಿದ್ದೂ ಕೇಳಿದ.

"ಅವತ್ತಿನದು. ಇಸ್ತ್ರಿ ಕಿತ್ತೆಸೆದ ದಿನದ್ದು. ಬಟ್ಟೆ ಸುಟ್ಟರೆ ಹೀಗೆ ಬರಲ್ಲ ಅಲ್ವಾ? ನಂಗೆ ಅವತ್ತು ಅದು ಹೊಳೀಲೇ ಇಲ್ಲ. ಇಸ್ತ್ರಿ ಕಣ್ಣಿಗೆ ಬಿತ್ತು, ಇಸ್ತ್ರಿಯೇ ಅಂದ್ಕೊಂಡೆ."

ದರ್ಜಿ ಆಗ ಬಿಳಿ ಬಟ್ಟೆಯ ಚೂರನ್ನು ತಂದು ಅವಳ ಅಂಗೈಗೆ ಇಟ್ಟ. ಕಾರ್ಪೆಟ್ಟಿನ ಮೇಲೆ ಇಬ್ಬರೂ ಕೂತರು. ಯಾವ ಬಣ್ಣದ ಮೇಲೆ ಯಾವುದಿತ್ತು, ಯಾವುದು ಕರಗಿತ್ತು, ಯಾವುದು ಕರಗಿರಲಿಲ್ಲ ಎಂದು ಅವನು ಗಿರಾಕಿಗೆ ಲೈನಿಂಗಿನ ಬಟ್ಟೆ ತೋರಿಸುವ ಹಾಗೆ ನಿಧಾನವಾಗಿ ತೋರಿಸಿದ. ಮಗಳು ಗಂಟನ್ನು ಉಗುರಿನಿಂದ ಕೆದಕಿ ನೋಡಿದಳು.

"ಸ್ವಿಚ್ಚೆಲ್ಲ ಒಟ್ಟಿಗೆ ಆರಿಸಿದೆ" ಅಂದಳು. "ಇದೂ ನಿಂತಿತು, ಇಸ್ತ್ರಿಯೂ ನಿಂತಿತು. ವಾಸನೆ ಹೋಯ್ತು. ಇದನ್ನ ಅನುಮಾನಿಸ್ಲೇ ಇಲ್ಲ. ಆಮೇಲೆ ಆ ದಿನ ಗುಡಿಸೋದನ್ನೇ ಬಿಟ್ಟೆ."

"ಹೂಂ."

"ನಿಂಗೆ ಸುಮ್ಸುಮ್ನೆ ಬೈದೆ."

ಇಲ್ಲಿಗೆ ದರ್ಜಿ ಸುಮ್ಮನಾಗಬಹುದಿತ್ತು. ಗೆದ್ದ ಮಾತನ್ನು ಜೇಬಿಗೆ ಹಾಕಿಕೊಂಡು, "ನೋಡಿದೆಯಾ, ನಾನು ಆರಿಸಿಯೇ ಹೋಗಿದ್ದೆ" ಎಂದಿದ್ದರೆ ಅವಳು ನಂಬುತ್ತಿದ್ದಳು. ಬಾಯಿಗೆ ಆ ಮಾತು ಬಂದೂ ಇತ್ತು. ಅಷ್ಟರಲ್ಲಿ ಅವಳೇ ಕೇಳಿಬಿಟ್ಟಳು.

"ಹಾಗಾದ್ರೆ ನೀನು ಅವತ್ತು ಇಸ್ತ್ರಿ ಆರಿಸಿದ್ದೆ, ಅಲ್ವಾ?"

ದರ್ಜಿ ನೆಲದ ಮೇಲಿನ ಹಸಿರು ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ.

"ಗೊತ್ತಿಲ್ಲ ಕಣಮ್ಮ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಆರಿಸಿದ್ರೂ ಆರಿಸಿರಬಹುದು. ನೆನಪಿಲ್ಲ. ವಾಸನೆ ಇದರದ್ದೇ ಅಂತ ಎದೆ ತಟ್ಟಿ ಹೇಳ್ತೀನಿ. ಇಸ್ತ್ರಿ ವಿಷಯ ಹೇಳಲಾರೆ. ನೀನು ನೋಡಿದಾಗ ಸ್ವಿಚ್ಚು ಹೇಗಿತ್ತು?"

ಮಗಳು ತಡೆದು ತಡೆದು ಹೇಳಿದಳು. "ನೋಡ್ಲಿಲ್ಲ. ಅಂಗೈಯಿಂದ ಬಾರಿಸಿದೆ, ಅಷ್ಟೇ. ಇಸ್ತ್ರಿ ಬಿಸಿಯಾಗಿತ್ತು."

"ಬಿಸಿ ಇದ್ದೇ ಇರುತ್ತೆ. ಆಗಷ್ಟೇ ಕಾಲರು ಒತ್ತಿದ್ದೆ."

ಮಗಳಿಗೆ ಇದ್ದಕ್ಕಿದ್ದಂತೆ ನಗು ಬಂತು. "ಅಪ್ಪಾ, ನೀನು ಎಂಥವನಪ್ಪಾ. ಗೆದ್ದೆ ಅಂತ ಹೇಳ್ಕೊಳ್ಳೋಕೂ ಬರಲ್ಲ ನಿಂಗೆ."

"ಸುಳ್ಳು ಹೇಳಿ ಗೆದ್ರೆ ಆಮೇಲೆ ಇಸ್ತ್ರಿ ಹಿಡಿದಾಗಲೆಲ್ಲ ಕೈ ನಡುಗುತ್ತೆ. ಕಾಲರು ಸೊಟ್ಟಗಾಗುತ್ತೆ." ಜೇಬಿಗೆ ಕೈ ಹಾಕಿದ. "ತಗೋ, ನಿನ್ನ ಓಲೆಯ ತಿರುಪು. ಚೀಲದೊಳಗಿತ್ತು."

ಸಂಜೆ ಅಳಿಯ ಬಂದಾಗ ಹೊಟ್ಟೆಬಾಕ ಇನ್ನೂ ಅಂಗಾತ ಮಲಗಿತ್ತು. ಹೊಲಿಗೆ ಯಂತ್ರವೂ ಬೆಲ್ಟಿಲ್ಲದೆ ಕೂತಿತ್ತು. ಹೆಂಡತಿ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅಳಿಯ ಸೊಂಟದ ಮೇಲೆ ಕೈಯಿಟ್ಟು ಕೇಳಿದ. ಹರಿದ ಬೆಲ್ಟನ್ನು ಎತ್ತಿ ನೋಡಿದ. ನಗು ತಡೆದುಕೊಂಡ.

"ಮಾವ, ಡಿಪೋ ಸ್ಟೋರಲ್ಲಿ ಹೊಟ್ಟೆಬಾಕನ ಬೆಲ್ಟುಗಳು ಮೊಳೆಗೆ ನೇತುಹಾಕಿ ಧೂಳು ತಿಂತಾ ಇವೆ. ಆ ಯಂತ್ರಗಳೇ ಇಲ್ಲ, ಬೆಲ್ಟು ಯಾರಿಗೆ ಬೇಕು? ಒಂದು ಮಾತು ನನ್ನ ಕೇಳಿದ್ರೆ ಆಗ್ತಿರ್ಲಿಲ್ವಾ?"

"ನೀವು ಗುಜರಿಯ ಕಡೆಯವರಾಗಿದ್ರಲ್ಲ ಅಳಿಯಂದ್ರೇ."

"ನಾನು ನೆಮ್ಮದಿಯ ಕಡೆಯವನು ಮಾವ. ಅದು ಎಲ್ಲಿ ಸಿಕ್ಕರೆ ಅಲ್ಲಿಗೆ."

ಶನಿವಾರ ಗುಜರಿಯವನು ಬೀದಿಯಲ್ಲಿ ಕೂಗುತ್ತ ಬಂದು, ಕೂಗುತ್ತ ಹೋದ. ಮಧ್ಯಾಹ್ನ ಅಳಿಯ ಬೆಲ್ಟು ತಂದ. ಈ ಸಲ ಮೂವರೂ ಮಂಡಿಯೂರಿ ಕೂತು ಹಾಕಿದರು. ದರ್ಜಿ ಬೆಲ್ಟನ್ನು ಉಲ್ಟಾ ಹಾಕಿದ್ದನ್ನು ಮಗಳು ತೋರಿಸಿದಳು, ಮಗಳು ತಗಡನ್ನು ತಿರುಗಾಮುರುಗಾ ಮುಚ್ಚಿದ್ದನ್ನು ಅಳಿಯ ತೋರಿಸಿದ, ಒಂದು ಸ್ಕ್ರೂ ಎಲ್ಲಿಯದೆಂದು ಯಾರಿಗೂ ತೋಚದೆ ಡಬ್ಬಿಗೆ ಸೇರಿತು. ಸ್ವಿಚ್ಚು ಹಾಕಿದಾಗ ಯಂತ್ರ ಗುಂಯ್ ಅಂದಿತು. ಮೂರು ಮೂಗುಗಳೂ ಒಟ್ಟಿಗೆ ಮೇಲೆದ್ದವು.

"ಏನಾದ್ರೂ ಬರ್ತಿದೆಯಾ?" ಅಂದ ದರ್ಜಿ.

"ಇಲ್ಲ."

"ನನ್ನ ಮೂಗನ್ನ ಲೆಕ್ಕಕ್ಕೆ ತಗೊಳ್ತೀರಾದ್ರೆ, ಇಲ್ಲ" ಅಂದ ಅಳಿಯ.

ಮಗಳು ಸ್ಟೂಲು ಹಾಕಿಕೊಂಡು ಕಪಾಟಿನ ಮೇಲಿನಿಂದ ಇಸ್ತ್ರಿ ಇಳಿಸಿ ತಂದಳು. ಕೊಡುವ ಮೊದಲು ಒಂದು ಕ್ಷಣ ಕೈಯಲ್ಲೇ ಹಿಡಿದು ನಿಂತಳು. ಅದು ಅವನಿಗೆ ಅರ್ಥವಾಯಿತು. ಅವಳು ಕೇಳುವ ಮೊದಲೇ ದರ್ಜಿ ಗೋಡೆಯ ಮೊಳೆ ತೋರಿಸಿದ. ಅವನ ದೊಡ್ಡ ಕತ್ತರಿ ನೇತಾಡುವ ಮೊಳೆ ಅದು.

"ಒತ್ತೋದು ಮುಗಿದ ಕೂಡ್ಲೇ ಪ್ಲಗ್ಗು ಕಿತ್ತು ಇದಕ್ಕೆ ನೇತುಹಾಕ್ತೀನಿ. ಕತ್ತರಿ ಪಕ್ಕ. ನೆನಪನ್ನ ಯಾರೂ ಕೇಳೋದು ಬೇಡ. ಬಾಗಿಲಲ್ಲಿ ನಿಂತು ನೋಡಿದ್ರೆ ಸಾಕು, ನಿಂಗೂ ಕಾಣುತ್ತೆ, ನಂಗೂ ಕಾಣುತ್ತೆ. ನೇತಾಡದೆ ಇದ್ದದ್ದು ಒಂದು ಸಲ ಕಂಡರೂ ನೀನೇ ತಗೊಂಡು ಮೇಲಿಡು. ನಾನು ತುಟಿ ಬಿಚ್ಚೋದಿಲ್ಲ."

"ಮತ್ತೆ ನೂಲು?" ಅಂದಳು ಮಗಳು.

"ನೂಲು ಬುಟ್ಟಿಗೆ" ಅಂದ ದರ್ಜಿ, ಸ್ವಲ್ಪ ಕಷ್ಟದಿಂದ.

ಮಗಳು ಇಸ್ತ್ರಿ ಕೊಟ್ಟಳು. ದರ್ಜಿ ಮೂಲೆಯಿಂದ ಲಾಯರ ಕಪ್ಪು ಬಟ್ಟೆ ತಂದು ಮೇಜಿನ ಮೇಲೆ ಹರಡಿದ, ಬೆನ್ನಿನ ಎರಡು ಭಾಗ ಕೂಡಿಸಿ ಕಚ್ಚಾ ಹೊಲಿಗೆ ಹಾಕಿದ. ಹೊಲಿಗೆ ಯಂತ್ರಕ್ಕೆ ಬೆಲ್ಟು ಬರುವ ತನಕ ಕೈಹೊಲಿಗೆಯೇ ಗತಿ. ಆದರೂ ಒತ್ತಲು ಅಡ್ಡಿಯಿರಲಿಲ್ಲ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಇಟ್ಟಾಗ ಚುಸ್ ಎಂದು ಹಬೆಯೆದ್ದು ಹೊಲಿಗೆ ಮಲಗಿತು. ಪ್ಲಗ್ಗು ಕಿತ್ತು ಮೊಳೆಗೆ ಹಾಕಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ನೇತಾಡುತ್ತಿತ್ತು. ನೂಲಿನ ತುದಿ ಕತ್ತರಿಸಿದ ಕೈ ಹಳೆಯ ಚಾಳಿಯಂತೆ ನೆಲದ ಕಡೆ ಹೋಗಿ, ನಡುದಾರಿಯಲ್ಲಿ ಜ್ಞಾಪಿಸಿಕೊಂಡು ಬುಟ್ಟಿಯ ಕಡೆ ತಿರುಗಿತು.

ಲಾಯರ ಕೋಟು ಮುಗಿದು ಲಾಯರ ಮೈಮೇಲೆ ಹೋಯಿತು. ಹೊಟ್ಟೆಬಾಕ ಇನ್ನೂ ಆ ಮನೆಯಲ್ಲೇ ಇದೆ. ಡಬ್ಬಿಯಲ್ಲಿರುವ ಆ ಸ್ಕ್ರೂ ಎಲ್ಲಿಯದೆಂದು ಯಾರೂ ಕಂಡುಹಿಡಿದಿಲ್ಲ. ಹಸಿರು ಕೋಟಿನ ವಾರ ಅಷ್ಟು ಗಾಬರಿ ಹುಟ್ಟಿಸಿದ ವಾಸನೆ ಯಂತ್ರದ್ದೇ ಎಂಬುದರಲ್ಲಿ ಮನೆಯವರಿಗೆ ಈಗ ಅನುಮಾನವಿಲ್ಲ. ಆದರೆ ದರ್ಜಿ ಗೇಟಿನ ಕಡೆ ಹೋದಾಗ ಇಸ್ತ್ರಿಯ ಸ್ವಿಚ್ಚು ಆರಿತ್ತೋ, ಉರಿಯುತ್ತಿತ್ತೋ, ಅದು ಅವನಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ. ಇಷ್ಟು ಹೊತ್ತು ಹೇಳಿದ ಮೇಲೂ ಹೇಳಿದವರಿಗೂ ಗೊತ್ತಿಲ್ಲ.